ಉನಾಯಾಳ ಬಸವನಹುಳು

“ಪೆನ್ಸಿಲ್ ಹಿಡಿದು ಬರೆಯೋರಿಗೆ ಏನು ಕಷ್ಟ ಹೇಳು. ಕಾಗದ ಸುಮ್ನೆ ಬಿದ್ದಿರ್ತದೆ, ಕೈ ಓಡಾಡ್ತದೆ. ನಮ್ಮದು ಹಂಗಲ್ಲ. ನಮ್ಮ ಪೆನ್ಸಿಲ್ಲು ನಿಂತಲ್ಲೇ ನಿಂತು ಕುಣೀತದೆ, ಕಾಗದಾನೇ ನಾವು ಎಳ್ಕೊಂಡು ತಿರುಗಬೇಕು. ಎಲೆ ಎಡಕ್ಕೆ ಬಾಗಬೇಕು ಅಂದ್ರೆ ಬಟ್ಟೇನ ಬಲಕ್ಕೆ ತಳ್ಳಬೇಕು. ಮೊದಮೊದಲು ಇದು ನನ್ನ ತಲೆಗೇ ಹತ್ತಲಿಲ್ಲ. ಅವ್ವ ಬೆನ್ನ ಹಿಂದೆ ನಿಂತು, ನನ್ನ ಕೈ ಮೇಲೆ ಅವಳ ಕೈ ಇಟ್ಟು, ‘ಸೂಜೀನ ಯಾಕೆ ನೋಡ್ತೀಯ, ಅದೇನು ಓಡಿಹೋಗ್ತದಾ? ಅದು ಮುಂದೆ ಎಲ್ಲಿ ಚುಚ್ಚಬೇಕೋ ಆ ಜಾಗ ನೋಡು’ ಅಂತ ಬೈತಿದ್ಲು. ಆಮೇಲೆ ಕಾಲು. ಕಾಲು ಅವಸರ ಮಾಡಿ ಕೈ ನಿಧಾನ ಮಾಡಿದ್ರೆ ದಾರ ಒಂದೇ ಕಡೆ ಗುಪ್ಪೆ ಬೀಳ್ತದೆ. ಕೈ ಅವಸರ ಮಾಡಿದ್ರೆ ಹೊಲಿಗೆ ಹಲ್ಲು ಬಿಟ್ಕೊಳ್ತದೆ. ಹೂವು ಬಿಡು, ಒಂದು ವರ್ಷ ಕೂತ್ರೆ ಯಾರಿಗಾದ್ರೂ ಬರ್ತದೆ. ಕಷ್ಟ ಅಂದ್ರೆ ಬಸವನಹುಳು. ಅದರ ಚಿಪ್ಪನ್ನ ಒಳಗಿಂದ ಶುರು ಮಾಡಬೇಕು. ಬಟ್ಟೇನ ಬುಗುರಿ ಥರ ತಿರುಗಿಸ್ತಾ ತಿರುಗಿಸ್ತಾ ಹೊರಗೆ ಬರಬೇಕು, ಮಧ್ಯ ನಿಲ್ಲಿಸೋ ಹಂಗಿಲ್ಲ. ಚಿಪ್ಪು ಮುಗಿದ ಮೇಲೆ ಅದೇ ಉಸಿರಲ್ಲಿ ಕತ್ತು, ತಲೆ, ಎರಡು ಕೊಂಬು. ಕೊಂಬಿಗೆ ನಾಲ್ಕು ನಾಲ್ಕೇ ಹೊಲಿಗೆ. ಅಲ್ಲಿಗೆ ದಾರ ಕಡೀಬೇಕು. ಆಗ ನೋಡು, ಅದು ನಮ್ಮನ್ನೇ ನೋಡ್ತಾ ಇರ್ತದೆ.”

ಉನಾಯಾ ಇದನ್ನು ನನ್ನ ಸೊಸೆಗೆ ಹೇಳಿದ್ದು, ಬಹಳ ವರ್ಷಗಳ ಹಿಂದೆ. ಸೊಸೆ ಕಲಿಯಲಿಲ್ಲ, ಮೂರು ದಿನ ಕೂತು ಸೊಂಟ ನೋವೆಂದು ಎದ್ದಳು. ನಾನು ಅವರ ಮಗ್ಗುಲಲ್ಲೇ ಚಾಪೆ ಹಾಕಿಕೊಂಡು ದಾರದ ತುದಿಗಳನ್ನು ಕತ್ತರಿಸುತ್ತಿದ್ದುದರಿಂದ ಎಲ್ಲ ಕೇಳಿಸಿಕೊಂಡೆ. ಜಕಾರ್ತದ ಅಂಗಡಿಗಳಿಗೆ ಕಸೂತಿ ಕಳಿಸುವ ಕವಾಲಿನ ನಮ್ಮ ಕೇರಿಯಲ್ಲಿ ಕೆಲಸ ಹಾಗೇ ಹಂಚಿಹೋಗಿತ್ತು. ಉನಾಯಾಳಂಥವರು ಯಂತ್ರದ ಮೇಲೆ ಬರೆಯುವುದು, ನನ್ನಂಥವರು ಮಿಕ್ಕ ದಾರ ಕತ್ತರಿಸಿ, ಜಾಲರಿಯ ತೂತುಗಳನ್ನು ಬಿಡಿಸಿ, ಮಡಿಸಿ ಕೊಡುವುದು. ಬಟ್ಟೆ ಅವಳ ಮನೆಯಿಂದ ನನ್ನ ಮನೆಗೆ ಬರುತ್ತಿತ್ತು. ನಡುವೆ ಇದ್ದದ್ದು ಅವಳ ಗಂಡ ಸರಿಪ್ ಸಾಕಿದ ಮೀನಿನ ಹೊಂಡ ಒಂದೇ.

ಅವಳ ಯಂತ್ರ ನೇರ ಹೊಲಿಗೆಯದು. ಬಟ್ಟೆಯನ್ನು ಒತ್ತಿ ಹಿಡಿಯುವ ಅದರ ಪಾದ ಕಳಚಿ, ಮುಂದಕ್ಕೆ ತಳ್ಳುವ ಹಲ್ಲುಗಳನ್ನು ಇಳಿಸಿಬಿಟ್ಟಿದ್ದಳು. ಬಿದಿರಿನ ಬಳೆಗೆ ಬಿಗಿದ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಾನೇ ಆಡಿಸಬೇಕು. ಮಿಕ್ಕವರೆಲ್ಲ ಚುಚ್ಚಿದ ಕಾಗದದ ಮೇಲೆ ನೀಲಿ ಬೆರೆಸಿದ ಸೀಮೆಎಣ್ಣೆ ಒರೆಸಿ ಬಟ್ಟೆಗೆ ಗುರುತು ಹಾಕಿಕೊಂಡು ಅದರ ಮೇಲೆ ಹೊಲಿಯುತ್ತಿದ್ದರು. ಅವಳಿಗೆ ಗುರುತು ಬೇಕಿರಲಿಲ್ಲ. ಖಾಲಿ ಬಟ್ಟೆಯ ಮೇಲೆ ನೇರ ಬರೆಯುವವಳು ಕೇರಿಯಲ್ಲಿ ಅವಳೊಬ್ಬಳೇ. ಕೆಲಸ ಕೊಡುತ್ತಿದ್ದ ಯಜಮಾನರು, ಹಾಜಿ ಮಹ್ಫುದ್, ಬಾಗಿಲಲ್ಲಿ ನಿಂತು ನೋಡಿ, ಇವಳ ಹೊಟ್ಟೆಯಲ್ಲೇ ಯಾವುದೋ ತೋಟ ಇದೆ, ದಾರ ಹಿಡಿದು ಎಳೆಯುತ್ತಾಳೆ, ಬರುತ್ತದೆ ಎನ್ನುತ್ತಿದ್ದರು.

ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಅವಳಿಗೆ ಒಬ್ಬ ಮಗಳು ಹುಟ್ಟಿದಳು, ಇಮಾಸ್. ಆ ಮಗುವಿನ ಜಾಗ ಯಂತ್ರದ ಕೆಳಗೆ. ತುಳಿಯುವ ಹಲಗೆಯ ಪಕ್ಕದಲ್ಲಿ, ಅಮ್ಮನ ಕಣಕಾಲಿಗೆ ಒರಗಿ ಕೂತು ಆಡುತ್ತಿತ್ತು. ಆಟಕ್ಕೆ ಗೊಂಬೆಯಲ್ಲ, ತುತುತ್. ಗದ್ದೆಯ ಕೆಸರಲ್ಲಿ ಸಿಗುವ ಆ ಪುಟ್ಟ ಕಪ್ಪು ಬಸವನಹುಳುಗಳನ್ನು ಸರಿಪ್ ಒಂದು ಬೋಗುಣಿ ತುಂಬ ತಂದುಕೊಡುತ್ತಿದ್ದ. ಮಧ್ಯಾಹ್ನದವರೆಗೆ ಅವು ಇಮಾಸಳ ಸ್ನೇಹಿತರು. ಮಧ್ಯಾಹ್ನದ ಮೇಲೆ ಅರಿಸಿನ, ಶುಂಠಿ, ಮೆಣಸಿನಕಾಯಿಯ ಸಾರಿನಲ್ಲಿ ಬೆಂದು ಬಂದರೆ ಅದೇ ಹುಡುಗಿ ಒಂದೊಂದನ್ನೂ ತುಟಿಗಿಟ್ಟು ಸೊರ್ರೆಂದು ಹೀರಿ ತಿನ್ನುತ್ತಿದ್ದಳು. ಸ್ನೇಹಿತರನ್ನು ತಿನ್ನುತ್ತೀಯಲ್ಲೇ ಎಂದು ನಾನು ಕೆಣಕಿದರೆ, ಇವರು ಬೇರೆಯವರು ಎನ್ನುತ್ತಿದ್ದಳು.

ಒಂದು ದಿನ ಅವಳನ್ನು ಸುಮ್ಮನಿರಿಸಲು ಉನಾಯಾ ತುಂಡು ಬಟ್ಟೆಯ ಮೇಲೆ ಒಂದು ಬಸವನಹುಳು ಬರೆದುಕೊಟ್ಟಳು. ಇಮಾಸ್ ನೋಡಿ, ತಪ್ಪು ಎಂದಳು. ಬೋಗುಣಿಯಿಂದ ಒಂದನ್ನು ತೆಗೆದು ಅಮ್ಮನ ಅಂಗೈಯಲ್ಲಿ ನಿಲ್ಲಿಸಿ ತೋರಿಸಿದಳು. ಚಿಪ್ಪಿನ ತುದಿ ಮೇಲಕ್ಕಿದ್ದರೆ ಅದರ ಬಾಯಿ ಬಲಗಡೆಗೆ ಬರುತ್ತದೆ, ಎಲ್ಲವಕ್ಕೂ ಹಾಗೇ. ನಾವು ಹುಟ್ಟಿದಾಗಿನಿಂದ ತುತುತ್ ತಿಂದವರು, ಅದುವರೆಗೆ ನೋಡಿರಲಿಲ್ಲ. ಉನಾಯಾ ಮತ್ತೊಂದು ಬರೆದಳು, ಬಲಕ್ಕೆ. ಆಗ ಮಗು ಹೇಳಿದ ಮಾತು ನನ್ನ ಕಿವಿಯಲ್ಲಿದೆ.

“ಇದನ್ನ ಜಕಾರ್ತಕ್ಕೆ ಹೋಗೋ ಬಟ್ಟೇಲಿ ಹಾಕು ಅಮ್ಮ. ಇದು ಬಸ್ಸಲ್ಲಿ ಹೋಗಲಿ.”

ಹಾಕಿದಳು. ಒಂದು ಹಸಿರು ಕೆಬಾಯಾದ ಕೆಳಮೂಲೆಯಲ್ಲಿ, ಎಲೆಯ ಮರೆಯಲ್ಲಿ, ಕಿರುಬೆರಳಿನ ಉಗುರಿನಷ್ಟು. ಆ ರವಿಕೆಯನ್ನು ತೊಟ್ಟವಳಿಗೂ ಅದು ಕಂಡಿತೋ ಇಲ್ಲವೋ.

ಇಮಾಸ್ ಹೋದದ್ದು ಏಳನೆಯ ವರ್ಷದಲ್ಲಿ, ಉಪವಾಸದ ತಿಂಗಳ ಕೊನೆಯ ವಾರ. ಲೆಬರಾನ್ ಹಬ್ಬಕ್ಕೆ ಮುಂಚೆ ಕವಾಲಿನಲ್ಲಿ ಯಾರಿಗೂ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಹುಡುಗಿ ಚಳಿ ಎಂದು ಬಂದು ಎಂದಿನ ಜಾಗದಲ್ಲಿ ಕೂತಳು. ಮಿಕ್ಕದ್ದನ್ನು ಉನಾಯಾ ನನಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ, ಹೊಂಡದ ಕಟ್ಟೆಯ ಮೇಲೆ ಕೂತು, ನನ್ನ ಮುಖ ನೋಡದೆ.

“ಕಾಲಿಗೆ ಬಿಸಿ ತಾಕ್ತಿತ್ತು ಚೆವು. ಒಲೆ ಪಕ್ಕ ಕೂತಂಗೆ. ನಂಗೆ ಗೊತ್ತಾಗ್ತಾ ಇತ್ತು. ಇದೊಂದು ತೋಳು ಮುಗಿಸಿ ನೋಡ್ತೀನಿ ಅಂದ್ಕೊಂಡೆ. ಆ ತೋಳು ಮುಗೀತು, ಇನ್ನೊಂದು ತೋಳೂ ಮುಗಿಸಿದೆ.”

ಅವಳು ನನ್ನನ್ನು ಅಕ್ಕ ಎನ್ನುವ ಬದಲು ಚೆವು ಎನ್ನುತ್ತಿದ್ದಳು, ಇಲ್ಲಿ ಹಾಗೇ ಕರೆಯುವುದು. ಮಗುವಿಗೆ ಬಂದದ್ದು ಸೊಳ್ಳೆಯ ಜ್ವರ, ಮೂರನೆಯ ದಿನ ಮೂಗಿನಲ್ಲಿ ರಕ್ತ ಬಂದು, ತಾಸಿಕ್ ಪೇಟೆಯ ಆಸ್ಪತ್ರೆಗೆ ಹೊತ್ತುಕೊಂಡು ಹೋಗುವಷ್ಟರಲ್ಲಿ ಆಗಿಹೋಯಿತು. ಒಂದು ತೋಳು ಮುಂಚೆ ಎದ್ದಿದ್ದರೆ ಉಳಿಯುತ್ತಿದ್ದಳು ಎಂದು ಯಾರೂ ಹೇಳಲಾರರು, ಉಳಿಯುತ್ತಿರಲಿಲ್ಲ ಎಂದೂ ಹೇಳಲಾರರು.

ನಲವತ್ತು ದಿನ ಯಂತ್ರಕ್ಕೆ ಬಟ್ಟೆ ಹೊದಿಸಿತ್ತು. ಆಮೇಲೆ ಒಂದು ಬೆಳಿಗ್ಗೆ ತುಳಿಯುವ ಸದ್ದು ಕೇಳಿಸಿತು. ಸಂಜೆ ನನ್ನ ಕೈಗೆ ಬಂದ ಕೆಬಾಯಾದ ದಾರ ಕತ್ತರಿಸುತ್ತ ಹೋದರೆ ಕೆಳಮೂಲೆಯಲ್ಲಿ ಬಸವನಹುಳು. ಬಲಕ್ಕೆ ಬಾಯಿ, ಎರಡು ಕೊಂಬು. ಅದರ ದಾರವನ್ನು ಮಾತ್ರ ಬಹಳ ಹತ್ತಿರಕ್ಕೆ ಕತ್ತರಿಸಿದೆ.

ಅಂದಿನಿಂದ ಅವಳು ಬರೆದ ಪ್ರತಿಯೊಂದು ಕೆಬಾಯಾದಲ್ಲೂ ಒಂದಿತ್ತು. ಯಾವುದೂ ಇನ್ನೊಂದರಂತಿರಲಿಲ್ಲ. ಒಂದು ದಂಟು ಹತ್ತುತ್ತಿದ್ದರೆ ಇನ್ನೊಂದು ಎಲೆಯ ಅಂಚಿನಿಂದ ಕೆಳಗೆ ಇಣುಕುತ್ತಿತ್ತು. ಒಂದಕ್ಕೆ ಒಂದೇ ಕೊಂಬು ಹೊರಗೆ, ಇನ್ನೊಂದನ್ನು ಒಳಗೆಳೆದುಕೊಂಡಿತ್ತು. ಒಮ್ಮೆ ಒಂದರ ಬೆನ್ನ ಮೇಲೆ ಇರುವೆ ಕೂತಿತ್ತು. ಅವಳು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ. ಇಮಾಸ್ ಬಸ್ಸು ಹತ್ತಿ ಊರು ನೋಡುತ್ತಿದ್ದಾಳೆ, ದಿನಾ ಒಂದೇ ಥರ ಇದ್ದರೆ ಅವಳಿಗೆ ಬೇಸರವಾಗುವುದಿಲ್ಲವೇ ಎಂದಳು. ಅವಳಿಗೆ ಮಗಳೆಂದು ಉಳಿದದ್ದು ಅಷ್ಟೇ. ಗೋರಿಯ ಕಡೆಗೆ ಅವಳು ಹೋಗುತ್ತಲೇ ಇರಲಿಲ್ಲ.

ಆದರೆ ಮುಕೆನಾದಲ್ಲಿ ಎಂದೂ ಬರೆಯಲಿಲ್ಲ. ನಮಾಜಿಗೆ ನಾವು ತಲೆಯಿಂದ ಪಾದದವರೆಗೆ ತೊಡುವ ಬಿಳಿ ಬಟ್ಟೆ ಅದು. ಪ್ರಾರ್ಥನೆಗೆ ನಿಲ್ಲುವ ಬಟ್ಟೆಯಲ್ಲಿ ಜೀವವಿರುವುದನ್ನು ಬರೆಯಬಾರದು ಎಂಬುದು ಇಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಹೂವು, ಬಳ್ಳಿ, ಮೋಡ, ಅಷ್ಟೇ. ಅಲ್ಲಿ ಅವಳು ಆಡುವುದು ಬೇಡ, ಹೊರಗೆ ಆಡಿಕೊಂಡಿರಲಿ ಎಂದು ಉನಾಯಾ ನಕ್ಕಿದ್ದಳು.

ಒಂದು ಸಲ ನನ್ನ ತಂಗಿಯ ಮಗಳು ಕೆಲಸಕ್ಕೆ ಕೂತಾಗ, ದಾರದ ಗಂಟೆಂದು ತಿಳಿದು ಒಂದರ ಕೊಂಬನ್ನು ಕತ್ತರಿಸಿಹಾಕಿದಳು. ಉನಾಯಾ ಬೈಯಲಿಲ್ಲ. ಆಮೇಲೆ ಒಂದು ಪದ್ಧತಿ ಮಾಡಿಕೊಂಡಳು. ದಾರ ಕತ್ತರಿಸಿ ತೂತು ಬಿಡಿಸಿದ ಬಟ್ಟೆ ನನ್ನಿಂದ ಮತ್ತೆ ಅವಳ ಮನೆಗೆ ಹೋಗಬೇಕು. ಎಲ್ಲಕ್ಕೂ ಕೊನೆಗೆ ಅವಳೇ ಬಸವನಹುಳು ಬರೆದು, ಅವಳೇ ಹಲ್ಲಿನಲ್ಲಿ ದಾರ ಕಡಿಯಬೇಕು. ಹಾಜಿ ಮಹ್ಫುದ್ ಎರಡು ವರ್ಷ ಅದನ್ನು ಗಮನಿಸಲಿಲ್ಲ. ಗಮನಿಸಿದ ದಿನ, ಇದೇನು ಕೊಳಕು ಎಂದು ಉಗುರಲ್ಲಿ ಕೆರೆದರು. ಅವಳು ಬಾಯಿ ತೆರೆಯುವ ಮುಂಚೆ ನಾನು, ಅದು ಅರಳದ ಮೊಗ್ಗು ಪಾಕ್ ಹಾಜಿ ಎಂದೆ. ಅವರು ನನ್ನನ್ನು ನೋಡಿದರು, ಅವಳನ್ನು ನೋಡಿದರು. ಮೊಗ್ಗಿಗೆ ಕೊಂಬು ಬರುವುದನ್ನು ಇವತ್ತೇ ನೋಡಿದ್ದು ಎಂದು ಹೇಳಿ, ಬಟ್ಟೆ ಮಡಿಸಿಕೊಂಡು ಹೋದರು. ಮತ್ತೆಂದೂ ಕೇಳಲಿಲ್ಲ. ಒಳ್ಳೆಯ ಮನುಷ್ಯ.

ಇನ್ನು ನನ್ನ ತಪ್ಪು. ಒಂದು ತಿಳಿನೇರಳೆ ಕೆಬಾಯಾ, ಆರ್ಗಂಡಿ ಬಟ್ಟೆಯದು. ಯಾವುದೋ ಅಧಿಕಾರಿಯ ಹೆಂಡತಿಗೆಂದು ಉನಾಯಾ ಎರಡು ತಿಂಗಳು ಕೂತು ಬರೆದಿದ್ದಳು. ಅವಳ ಕೈಯಿಂದ ಅದಕ್ಕಿಂತ ಚೆಂದದ್ದು ಬರಲಿಲ್ಲ. ಆ ಬಟ್ಟೆ ಗಾಜಿನಂತೆ, ಒಳಗು ಹೊರಗು ತಿಳಿಯುವುದಿಲ್ಲ. ಉನಾಯಾಳ ಕೆಲಸವೋ ಎರಡೂ ಮೈಯಲ್ಲಿ ಒಂದೇ ಸಮ. ನಾನು ತೂತು ಬಿಡಿಸಿ ಮಡಿಸುವಾಗ ಒಳಮೈ ಮೇಲಾಗಿ ಮಡಿಸಿಬಿಟ್ಟೆ. ಮೂವತ್ತು ವರ್ಷದಲ್ಲಿ ಒಂದೇ ಸಲ. ಅವಳು ಹಾಗೇ ಬಳೆಗೆ ಬಿಗಿದು, ಕೊನೆಯ ಬಸವನಹುಳು ಬರೆದು, ದಾರ ಕಡಿದಳು. ಮಗುಚಿ ನೋಡಿದರೆ ಚಿಪ್ಪಿನ ಬಾಯಿ ಎಡಕ್ಕಿತ್ತು.

ನಾನು ಬಿಚ್ಚೋಣವೆಂದೆ. ಆರ್ಗಂಡಿಯಲ್ಲಿ ಬಿಚ್ಚಿದರೆ ಸೂಜಿಯ ತೂತು ಹಾಗೇ ಉಳಿಯುತ್ತದೆ, ಬಟ್ಟೆ ಕೆಟ್ಟಿತೆಂದೇ ಲೆಕ್ಕ. ಉನಾಯಾ ಅದನ್ನು ನೋಡಿ, “ಇರ್ಲಿ ಬಿಡಿ ಚೆವು. ಇದು ಅವಳದಲ್ಲ. ಪಕ್ಕದ ಮನೆ ಹುಡುಗೀದು, ಅವಳ ಜೊತೆ ಆಡಕ್ಕೆ ಬಂದಿರೋದು” ಎಂದಳು. ನಾನೂ ನಕ್ಕೆ. ಅಧಿಕಾರಿಗೆ ಬೇರೆ ಊರಿಗೆ ವರ್ಗವಾಯಿತಂತೆ, ಹೆಂಡತಿ ಬಟ್ಟೆ ಒಯ್ಯಲು ಬರಲೇ ಇಲ್ಲ. ಅದು ಹಾಜಿಯವರ ಗಾಜಿನ ಕಪಾಟಿನಲ್ಲಿ ನೇತಾಡಿಕೊಂಡು ಉಳಿಯಿತು.

ಹಾಜಿಯವರು ಹಾಸಿಗೆ ಹಿಡಿದ ಮೇಲೆ ವ್ಯಾಪಾರ ಅವರ ಸೊಸೆ ರಿಸ್ಮಾಳ ಕೈಗೆ ಬಂತು. ಓದಿದವಳು, ಚುರುಕು, ಹಿರಿಯರನ್ನು ಕಂಡರೆ ಬಗ್ಗಿ ಕೈ ಮುಟ್ಟಿ ಹಣೆಗೊತ್ತಿಕೊಳ್ಳುವವಳು. ಅವಳ ಬಗ್ಗೆ ಕೆಟ್ಟದ್ದು ಹೇಳಲು ನನ್ನ ಬಳಿ ಏನೂ ಇಲ್ಲ. ಹಳೆಯ ಗೋದಾಮಿನಲ್ಲಿ ಕಂಪ್ಯೂಟರ್ ಯಂತ್ರ ತಂದು ಕೂರಿಸಿದಳು. ಅದಕ್ಕೆ ಹನ್ನೆರಡು ಸೂಜಿ, ಹನ್ನೆರಡೂ ಒಟ್ಟಿಗೆ ಒಂದೇ ಥರದ ಹೂವನ್ನು ಬರೆಯುತ್ತವೆ. ನಮ್ಮನ್ನೆಲ್ಲ ಕರೆದು ತೋರಿಸಿದಳು. ಉನಾಯಾ ಬಗ್ಗಿ ನೋಡಿ, ಅಲ್ಲಿ ಬಟ್ಟೆಯನ್ನು ಆಡಿಸುತ್ತಿರುವವರು ಯಾರು ಎಂದು ಕೇಳಿದಳು. ಯಾರೂ ಇಲ್ಲ ಮಾಕ್, ತಾನೇ ಆಡುತ್ತದೆ ಎಂದಳು ರಿಸ್ಮಾ, ಹಿರಿಯ ಹೆಂಗಸರನ್ನು ಅಮ್ಮ ಎನ್ನಲು ಇಲ್ಲಿ ಮಾಕ್ ಎನ್ನುವುದು. ನಾವು ಮನೆಗೆ ಬಂದೆವು. ಕೇರಿಯಲ್ಲಿ ತುಳಿಯುವ ಸದ್ದು ಒಂದೊಂದಾಗಿ ನಿಂತಿತು. ಉನಾಯಾಳಿಗೆ ಮಾತ್ರ ವರ್ಷಕ್ಕೆ ಮೂರೋ ನಾಲ್ಕೋ ಕೆಬಾಯಾ ಬರುತ್ತಿದ್ದವು, ಕೈಕೆಲಸವೇ ಬೇಕೆನ್ನುವ ಹಳೆಯ ಗಿರಾಕಿಗಳಿಂದ. ಸರಿಪ್ ಅಷ್ಟರಲ್ಲಿ ತೀರಿಕೊಂಡಿದ್ದ. ಅವಳಿಗೆ ಅಷ್ಟೇ ಸಾಕಾಗಿತ್ತು. ವರ್ಷಕ್ಕೆ ನಾಲ್ಕು ಸಲ ಬಸ್ಸು ಹತ್ತಿಸಿದರಾಯಿತು ಎಂದಿದ್ದಳು.

ನಮ್ಮ ಮುಸಲ್ಲಾದಲ್ಲಿ, ಅಂದರೆ ಕೇರಿಯ ಪುಟ್ಟ ನಮಾಜು ಮನೆಯಲ್ಲಿ, ಶುಕ್ರವಾರ ಮಧ್ಯಾಹ್ನ ಹೆಂಗಸರು ಸೇರಿ ಓದುತ್ತೇವೆ, ಮುಗಿದ ಮೇಲೆ ಒಟ್ಟಿಗೆ ನಮಾಜು. ಆ ವರ್ಷ ಉಪವಾಸ ಹತ್ತಿರವಾಗಿತ್ತು, ಬಹಳ ಜನ ಹೊಸ ಮುಕೆನಾ ತೊಟ್ಟು ಬಂದಿದ್ದರು. ಎಲ್ಲ ರಿಸ್ಮಾಳ ಗೋದಾಮಿನದು. ಉನಾಯಾ ನನ್ನ ಎಡಕ್ಕೆ ನಿಂತಿದ್ದಳು. ಬಗ್ಗಿದೆವು, ಎದ್ದೆವು. ಹಣೆ ನೆಲಕ್ಕಿಟ್ಟು ಏಳುವಾಗ ಮುಂದಿನ ಸಾಲಿನವರ ಬೆನ್ನಿನ ಅಂಚು ಕಣ್ಣಿಗೆ ನೇರವಾಗಿ ಬರುತ್ತದೆ. ಎರಡನೆಯ ಸಲ ನಾನು ಎದ್ದಾಗ ಉನಾಯಾ ಏಳಲಿಲ್ಲ. ಮಂಡಿಯೂರಿ ಕೂತೇ ಇದ್ದಳು. ಅವಳು ನೋಡುತ್ತಿದ್ದ ಕಡೆ ನಾನೂ ನೋಡಿದೆ. ನಮಾಜಿನಲ್ಲಿ ಹಾಗೆ ನೋಡಬಾರದು, ನೋಡಿದೆ.

ಬಿಳಿ ಬಟ್ಟೆಯ ಮೇಲೆ ಬಿಳಿ ದಾರ. ಎಲೆಯ ಮರೆಯಲ್ಲಿ, ಕಿರುಬೆರಳಿನ ಉಗುರಿನಷ್ಟು. ಬಾಯಿ ಎಡಕ್ಕೆ. ಪಕ್ಕದವಳ ಬೆನ್ನ ಮೇಲೂ ಅದೇ, ಅದರ ಪಕ್ಕದವಳ ಬೆನ್ನ ಮೇಲೂ. ಆ ಸಾಲಿನಲ್ಲಿ ಏಳು ಇದ್ದವು, ಏಳೂ ಒಂದೇ ಕೊಂಬು ಬಾಗಿಸಿಕೊಂಡು ಒಂದೇ ಕಡೆ ನೋಡುತ್ತಿದ್ದವು.

ರಿಸ್ಮಾ ಕಪಾಟಿನ ಆ ತಿಳಿನೇರಳೆ ಕೆಬಾಯಾವನ್ನು ಬಾಂಡುಂಗಿಗೆ ಒಯ್ದು ಯಂತ್ರಕ್ಕೆ ಓದಿಸಿಕೊಂಡು ಬಂದಿದ್ದಳು. ಮೂಲೆಯ ಗೊಂಚಲನ್ನು ಎತ್ತಿ ಮುಕೆನಾದ ಅಂಚಿಗೆ ಇಟ್ಟಿದ್ದಳು. ಗೊಂಚಲಿನಲ್ಲಿ ಏನೇನಿದೆಯೆಂದು ಯಾರು ನೋಡಬೇಕು.

ನಮಾಜು ಮುಗಿದ ಮೇಲೆ ಉನಾಯಾ ಮುಂದಿನವಳ ಅಂಚನ್ನು ಎರಡು ಬೆರಳಲ್ಲಿ ಹಿಡಿದುಕೊಂಡೇ ಇದ್ದಳು. ಆ ಹೆಂಗಸು ತಿರುಗಿ ನೋಡಿದಳು, ಎಲ್ಲರೂ ನೋಡಿದರು. ಓದಿಸುವ ಉಪಾಧ್ಯಾಯಿನಿ ಕನ್ನಡಕ ಹಾಕಿಕೊಂಡು, ಇದಕ್ಕೆ ತಲೆ ಇದೆಯಲ್ಲ, ಕೊಂಬಿದೆಯಲ್ಲ, ಇದು ಹುಳು ಎಂದರು. ಒಬ್ಬೊಬ್ಬರೂ ತಮ್ಮ ತಮ್ಮ ಅಂಚು ಹುಡುಕತೊಡಗಿದರು. ಕೆಲವರು ಅಲ್ಲೇ ಕಳಚಿ ಮಡಿಲಲ್ಲಿಟ್ಟುಕೊಂಡರು. ಮೂಲೆಯಿಂದ ಯಾರೋ, ಅದು ಉನಾಯಾಳ ಬಸವನಹುಳು, ಹಳೇ ಕೆಬಾಯಾಗಳಲ್ಲಿ ನಾನು ನೋಡಿದ್ದೇನೆ ಎಂದಳು.

“ಅಲ್ವೇ ಉನಾಯಾ, ಇವತ್ತು ನಮ್ಮನ್ನೆಲ್ಲ ಹುಳದ ಹಿಂದೆ ನಿಲ್ಸಿ ನಮಾಜು ಮಾಡಿಸಿದ್ಯಲ್ಲೇ,” ಎಂದು ಇನ್ನೊಬ್ಬಳು. ತಮಾಷೆಗೇ ಹೇಳಿದ್ದು. ಎರಡು ಮೂರು ಜನ ನಕ್ಕರು.

ಇವಳು ಬರೆದದ್ದಲ್ಲ, ಯಂತ್ರ ಬರೆದದ್ದು ಎಂದು ನಾನು ಹೇಳಲು ಹೊರಟರೆ ಉನಾಯಾ ನನ್ನ ಮೊಣಕೈ ಹಿಡಿದು ಎಳೆದುಕೊಂಡು ಹೊರಗೆ ಬಂದಳು.

ಅಲ್ಲಿಂದ ನೇರ ಗೋದಾಮಿಗೆ ಹೋದೆವು. ಅವಳು ಯಾರ ಬಳಿಯೂ ಏನನ್ನೂ ಕೇಳಿದವಳಲ್ಲ, ನಾನು ಕಂಡಂತೆ ಅದೇ ಮೊದಲು. ಆ ಹುಳುವನ್ನು ಯಂತ್ರದಿಂದ ತೆಗೆದುಬಿಡು ನೆಂಗ್, ಪೂರ್ತಿ ತೆಗೆದುಬಿಡು ಎಂದು, ಮನೆಯ ಹುಡುಗಿಯನ್ನು ಕರೆಯುವಂತೆ ಕರೆದು, ಕೇಳಿಕೊಂಡಳು. ಇಮಾಸಳ ಸುದ್ದಿ ಎತ್ತಲಿಲ್ಲ. ನಾನು ಎತ್ತಿದೆ. ಜ್ವರ, ಬಸ್ಸು, ಎಲ್ಲ ಹೇಳಿದೆ, ಅಷ್ಟು ಚೆನ್ನಾಗಿ ಹೇಳಲು ಬರಲಿಲ್ಲ. ಗೋದಾಮಿನಲ್ಲಿ ಹನ್ನೆರಡು ಸೂಜಿಗಳ ಸದ್ದು, ಕಿರುಚಿ ಹೇಳಬೇಕಾಯಿತು. ಅಂಥ ಮಾತನ್ನು ಕಿರುಚಿ ಹೇಳುವುದು ಹೇಗೆ. ರಿಸ್ಮಾ ಮುಖ ಸಪ್ಪಗೆ ಮಾಡಿಕೊಂಡು ಉನಾಯಾಳ ಕೈ ಹಿಡಿದಳು. ತನಗೆ ಗೊತ್ತೇ ಇರಲಿಲ್ಲ, ಮಾವ ಅದನ್ನು ಮೊಗ್ಗು ಎಂದೇ ಹೇಳುತ್ತಿದ್ದರು, ಖಂಡಿತ ಸರಿಮಾಡುತ್ತೇನೆ ಎಂದಳು. ನಮಗೆ ಚಹಾ ತರಿಸಿದಳು. ಉನಾಯಾ ಲೋಟ ಮುಟ್ಟಲಿಲ್ಲ, ಆದರೆ ದಾರಿಯಲ್ಲಿ ಬರುತ್ತ, ಒಳ್ಳೇ ಹುಡುಗಿ, ಮಾಡ್ತಾಳೆ ಎಂದಳು.

ಎಂಟು ದಿನದ ಮೇಲೆ ರಿಸ್ಮಾ ತಾನೇ ಬಂದಳು. ಕೈಯಲ್ಲಿ ಒಂದು ಹೊಸ ಮುಕೆನಾ, ಉನಾಯಾಳಿಗೆ ಉಡುಗೊರೆ. ಜಗಲಿಯ ಮೇಲೆ ಬಿಡಿಸಿ ಅಂಚು ತೋರಿಸಿದಳು. ಎಲೆ ಇತ್ತು. ಎಲೆಯ ಮರೆಯಲ್ಲಿ ಚಿಪ್ಪೂ ಇತ್ತು, ಎಡಕ್ಕೆ ಸುತ್ತಿದ ಚಿಪ್ಪು. ಅದರ ಬಾಯಲ್ಲಿ ಏನೂ ಇರಲಿಲ್ಲ. ಕತ್ತು ಬರಬೇಕಾದ ಕಡೆ ಹೊಲಿಗೆ ನೀಟಾಗಿ ಮುಚ್ಚಿತ್ತು.

“ಉಪಾಧ್ಯಾಯಿನಿ ಹತ್ರಾನೂ ಕೇಳಿದೆ ಮಾಕ್,” ಎಂದಳು ರಿಸ್ಮಾ. “ತಲೆ ತೆಗೆದ್ರೆ ಅದಕ್ಕೆ ಜೀವ ಇಲ್ಲ, ನಮಾಜಿಗೆ ಅಡ್ಡಿ ಇಲ್ಲ ಅಂದ್ರು. ಗಿರಾಕಿಗಳು ಈ ಸುರುಳೀನೇ ನೋಡಿ ನಮ್ಮ ಬಟ್ಟೆ ಅಂತ ಗುರುತು ಹಿಡೀತಾರೆ, ಪೂರ್ತಿ ತೆಗೆಯೋ ಹಂಗಿರಲಿಲ್ಲ. ಈಗ ಇದು ಬರೀ ಮೊಗ್ಗು.”

ಉನಾಯಾ ಚಿಪ್ಪಿನ ಬಾಯಿಯ ಮೇಲೆ ಹೆಬ್ಬೆರಳು ಇಟ್ಟಳು, ಸವರಿದಳು. “ತಲೆ ಎಲ್ಲಿ ಹಾಕಿದ್ಯಮ್ಮ?” ಎಂದು ಕೇಳಿದಳು.

ರಿಸ್ಮಾಳಿಗೆ ಅರ್ಥವಾಗಲಿಲ್ಲ. ಅದೇನು ಕತ್ತರಿಸಿದ್ದಲ್ಲ ಮಾಕ್, ಪರದೆಯ ಮೇಲೆ ಅಳಿಸಿದ್ದು, ಎಲ್ಲೂ ಇಲ್ಲ ಎಂದು ಸಮಾಧಾನದ ದನಿಯಲ್ಲಿ ಹೇಳಿದಳು. ಉನಾಯಾ ತಲೆಯಾಡಿಸಿ, ಮುಕೆನಾವನ್ನು ಮಡಿಸಿ, ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟಳು. ತನ್ನ ಬಳಿ ಹಳೆಯದಿದೆ, ಸಾಕು ಎಂದಳು. ರಿಸ್ಮಾ ಬಗ್ಗಿ ಅವಳ ಕೈಯನ್ನು ಹಣೆಗೊತ್ತಿಕೊಂಡು ಹೋದಳು. ಮನಸ್ಸಿಗೆ ನೋವಾಗಿತ್ತು ಅವಳಿಗೂ.

ನಾನು ಅಲ್ಲೇ ಕೂತಿದ್ದೆ. ಎಂಟು ದಿನದಿಂದ ನುಂಗಿಕೊಂಡಿದ್ದ ಮಾತನ್ನು ಆಗ ಆಡಿದೆ. “ಉನಾಯಾ, ಅದು ಇಮಾಸಂದಲ್ಲ ಕಣೇ. ಬಾಯಿ ಎಡಕ್ಕಿದೆ. ನಾನು ತಪ್ಪು ಮಡಿಸಿದ್ದು. ನೀನೇ ಅಂದಿದ್ಯಲ್ಲ, ಪಕ್ಕದ ಮನೆ ಹುಡುಗೀದು ಅಂತ.”

ಅವಳು ಹೊಂಡದ ಕಡೆ ತಿರುಗಿದಳು. ಮೀನು ಸಾಕುವವರಿಲ್ಲದೆ ಅದರ ಮೇಲೆ ಹಸಿರು ಹಾವಸೆ ಮುಚ್ಚಿತ್ತು.

“ಪಕ್ಕದ ಮನೆ ಹುಡುಗಿಗೂ ಒಬ್ಬಳು ಅವ್ವ ಇರ್ತಾಳೆ ಚೆವು,” ಎಂದಳು. “ಬರೆದಿದ್ದು ನಾನೇ ತಾನೆ.”

ಮಾರನೆಯ ದಿನ ಬೆಳಿಗ್ಗೆ ತುಳಿಯುವ ಸದ್ದು ಬಂತು. ಹಳೆಯ ಗಿರಾಕಿಯ ಒಂದು ಕೆಬಾಯಾ ಅರ್ಧವಾಗಿತ್ತು, ಅದನ್ನು ಕೂತು ಮುಗಿಸಿದಳು. ನಾನು ದಾರ ಕತ್ತರಿಸಿ, ತೂತು ಬಿಡಿಸಿ, ಒಳಗು ಹೊರಗು ಮೂರು ಸಲ ನೋಡಿ ಮಡಿಸಿ ಕೊಟ್ಟೆ. ಅವಳು ಕೆಳಮೂಲೆಯನ್ನು ಬಳೆಗೆ ಬಿಗಿದಳು. ಚಿಪ್ಪನ್ನು ಒಳಗಿನಿಂದ ಶುರುಮಾಡಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಬಟ್ಟೆ ಬುಗುರಿಯಂತೆ ತಿರುಗಿತು, ಒಂದು ಸುತ್ತು, ಎರಡು, ಮೂರು. ಬಲಕ್ಕೆ ಬಾಯಿ ಬಂತು. ಕಾಲು ನಿಂತಿತು.

ಮೂವತ್ತು ವರ್ಷದಲ್ಲಿ ಆ ಜಾಗದಲ್ಲಿ ಅವಳ ಕಾಲು ನಿಂತದ್ದನ್ನು ನಾನು ನೋಡಿರಲಿಲ್ಲ. ಸೂಜಿ ಬಟ್ಟೆಯೊಳಗೆ ಇಳಿದು ಅಲ್ಲೇ ಇತ್ತು. ಅವಳು ಮತ್ತೆ ತುಳಿಯಲು ನೋಡಿದಳು. ಹಲಗೆ ಹಿಂದಕ್ಕೆ ಹೋಯಿತು, ದಾರ ಗುಪ್ಪೆ ಬಿತ್ತು. ಚಕ್ರವನ್ನು ಕೈಯಲ್ಲಿ ತಿರುಗಿಸಿ ಸೂಜಿ ಎತ್ತಿದಳು, ಮತ್ತೆ ಇಳಿಸಿದಳು.

“ಬರ್ತಾ ಇಲ್ಲ ಚೆವು,” ಎಂದಳು. “ಕಣ್ಣು ಮುಚ್ಚಿದ್ರೂ ಆ ಏಳೇ ಕಾಣ್ತವೆ. ಅವಳದು ಹೆಂಗಿತ್ತು ಅಂತಾನೇ ಮರೆತುಹೋಗಿದೆ.”

ನಾಳೆ ಬರುತ್ತದೆ ಎಂದೆ. ಮರುದಿನವೂ ಕೂತಳು. ಅದರ ಮರುದಿನ ಕೂರಲಿಲ್ಲ. ಚಿಪ್ಪನ್ನು ಬಿಚ್ಚಲೇ ಎಂದು ಕೇಳಿದೆ. ಬೇಡ, ಅದರ ಮೇಲೆ ಒಂದು ಎಲೆ ಹೊಲಿದುಬಿಡುತ್ತೇನೆ ಎಂದಳು, ಹೊಲಿದಳು. ಆ ಕೆಬಾಯಾ ಯಾವ ಊರಿಗೆ ಹೋಯಿತೋ ಗೊತ್ತಿಲ್ಲ, ಅದರಲ್ಲಿ ಯಾರೂ ಹೋಗಲಿಲ್ಲ. ಮುಂದಿನ ಗಿರಾಕಿ ಬಂದಾಗ ಕಣ್ಣು ಕಾಣುವುದಿಲ್ಲವೆಂದು ಸುಳ್ಳು ಹೇಳಿ ಬಟ್ಟೆ ವಾಪಸು ಕಳಿಸಿದಳು. ಯಂತ್ರಕ್ಕೆ ಬಟ್ಟೆ ಹೊದಿಸಿದಳು. ಈ ಸಲ ನಲವತ್ತು ದಿನ ಕಳೆಯಿತು, ನೂರು ದಿನ ಕಳೆಯಿತು.

ಈಗ ಅವಳು ಬೆಳಗಾದರೆ ನನ್ನ ಜಗಲಿಗೆ ಬಂದು ಕೂರುತ್ತಾಳೆ. ರಿಸ್ಮಾಳ ಗೋದಾಮಿನಿಂದ ಮುಕೆನಾಗಳ ಗಂಟು ನನಗೆ ಬರುತ್ತದೆ, ಯಂತ್ರಕ್ಕೂ ದಾರ ಕತ್ತರಿಸುವವರು ಬೇಕಲ್ಲ. ಆ ಅಂಚು ಅವಳ ಕಡೆಗೆ ಬಾರದ ಹಾಗೆ ನಾನು ಒಳಮೈ ಮೇಲೆ ಮಾಡಿಟ್ಟುಕೊಂಡು ಕೆಲಸ ಮಾಡುತ್ತೇನೆ. ಹಾಗೆ ಮಗುಚಿದರೆ ಚಿಪ್ಪಿನ ಬಾಯಿ ಬಲಕ್ಕೆ ಬರುತ್ತದೆ. ಅದನ್ನು ಅವಳಿಗೆ ಹೇಳಿಲ್ಲ. ತಲೆ ಆ ಮೈಯಲ್ಲೂ ಇಲ್ಲ.

ಇವತ್ತು ತುತುತ್ ಮಾರುವವಳು ಬಂದಿದ್ದಳು. ಬೇಡವೆಂದು ಕಳಿಸುವುದರಲ್ಲಿದ್ದೆ, ಉನಾಯಾ ಎರಡು ಬೊಗಸೆ ಹಾಕಿಸಿಕೊಂಡಳು. ಹೊಂಡದ ಕಟ್ಟೆಯ ಮೇಲೆ ಕೂತು ಬೋಗುಣಿಯಲ್ಲಿ ನೀರು ಬದಲಿಸಿ ಬದಲಿಸಿ ತೊಳೆದೆವು. ಕೆಸರು ಬಿಟ್ಟ ಮೇಲೆ ಅವು ಒಂದೊಂದಾಗಿ ತಲೆ ಹೊರಗೆ ಹಾಕಿ ಬೋಗುಣಿಯ ಗೋಡೆ ಹತ್ತತೊಡಗಿದವು. ಉನಾಯಾ ಆ ತಲೆಗಳನ್ನೂ ಕೊಂಬುಗಳನ್ನೂ ನೋಡಿದಳು. ಆಮೇಲೆ ನನ್ನ ಹಳೆಯ ಕತ್ತರಿ ಕೇಳಿದಳು. ಚಿಪ್ಪಿನ ಹಿಂಬದಿಯ ತುದಿ ಮುರಿಯದಿದ್ದರೆ ಬೆಂದ ಮೇಲೆ ಹೀರಿದರೂ ಬಾಯಿಗೆ ಬರುವುದಿಲ್ಲ. ನಾನು ಒಲೆ ಹೊತ್ತಿಸಲು ಎದ್ದೆ. ಅವಳು ಒಂದೊಂದನ್ನೇ ಎತ್ತಿ, ತುದಿ ಕತ್ತರಿಸಿ, ತಟ್ಟೆಗೆ ಹಾಕುತ್ತಿದ್ದಳು.